ಸಾಂತ್ ಮಾರಿ: ಸೂರತ್ತಿನ ಸರಕು ಹಂಚಿಹೋದ ದ್ವೀಪ

ಮಡಗಾಸ್ಕರ್‌ನ ಈಶಾನ್ಯ ಕರಾವಳಿಯ ಪಕ್ಕದಲ್ಲೇ ಉದ್ದಕ್ಕೆ, ಸಪೂರವಾಗಿ ಮಲಗಿರುವ ದ್ವೀಪ ಸಾಂತ್ ಮಾರಿ. ಸ್ಥಳೀಯರಿಗೆ ಇದು ನೋಸಿ ಬೊರಾಹಾ. ಲವಂಗದ ತೋಟಗಳು, ತೆಂಗು, ಹವಳದ ದಿಬ್ಬಗಳ ಒಳಗೆ ತಣ್ಣಗಿರುವ ನೀರು. ನಮ್ಮ ಮಲ್ಪೆಯ ಸೇಂಟ್ ಮೇರೀಸ್ ಬೇರೆ, ಇದು ಬೇರೆ. ಆದರೂ ಮಲ್ಪೆಯ ಆ ಕಂಬಗಲ್ಲುಗಳು, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದಾಗ ಉಕ್ಕಿದ ಲಾವಾದಿಂದಲೇ ಆದವು.

ಮುಖ್ಯ ಊರು ಅಂಬೊಡಿಫೊಟಟ್ರಾ. ಅದರ ಮಗ್ಗುಲಿನ ಕೊಲ್ಲಿಯಲ್ಲಿರುವ ಪುಟ್ಟ ನಡುಗಡ್ಡೆಗೆ ಇಂದಿಗೂ ಕಡಲ್ಗಳ್ಳರ ಹೆಸರೇ ಇದೆ. 17ನೇ ಶತಮಾನದ ಕೊನೆಯಲ್ಲಿ ಅವರು ಈ ಕೊಲ್ಲಿಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಸರಳ. ಬಿರುಗಾಳಿಗೆ ಸಿಗದ ಬಂದರು, ಸಿಹಿನೀರು, ಹಣ್ಣು, ದನದ ಮಾಂಸ, ಸುತ್ತಮುತ್ತ ಯಾವ ಯುರೋಪಿಯನ್ ಸರ್ಕಾರದ ಕೋಟೆಯೂ ಇಲ್ಲ. ಹಡಗನ್ನು ದಡದಲ್ಲಿ ಮಗ್ಗುಲಿಗೆ ವಾಲಿಸಿ, ತಳಕ್ಕೆ ಅಂಟಿದ ಚಿಪ್ಪುಗಳನ್ನು ಕೆರೆದು ತೆಗೆಯಲು ಬೇಕಾದ ಬಿಡುವೂ ಇಲ್ಲಿ ಸಿಗುತ್ತಿತ್ತು. ಕೆಂಪು ಸಮುದ್ರದಿಂದ ಸೂರತ್ತಿಗೆ ಮರಳುವ ವ್ಯಾಪಾರಿ ಹಡಗುಗಳು ಮುಂಗಾರು ಗಾಳಿಯನ್ನೇ ನಂಬಿದ್ದವು. ಅವು ಯಾವಾಗ ಹೊರಡುತ್ತವೆಂದು ಎಲ್ಲರಿಗೂ ಗೊತ್ತಿತ್ತು, ಕಡಲ್ಗಳ್ಳರಿಗೂ. 1695ರಲ್ಲಿ ಔರಂಗಜೇಬನ ಗಂಜ್-ಇ-ಸವಾಯಿ ಹಡಗು ಹಜ್ ಯಾತ್ರಿಕರ ಸಮೇತ ಕಡಲ್ಗಳ್ಳ ಹೆನ್ರಿ ಎವ್ರಿಯ ಕೈಗೆ ಸಿಕ್ಕಿದ್ದು ಹೀಗೆಯೇ. ಆ ಹಡಗಿನಲ್ಲಿದ್ದ ಹೆಂಗಸರು ಅನುಭವಿಸಿದ ಹಿಂಸೆಯನ್ನು ಇತಿಹಾಸಕಾರ ಖಾಫಿ ಖಾನ್ ದಾಖಲಿಸಿದ್ದಾನೆ. ನಿಧಿಯ ಕಥೆ ಹೇಳುವವರು ಆ ಪುಟವನ್ನು ದಾಟಿಹೋಗಬಾರದು.

ದ್ವೀಪದ ಕಥೆಗೂ ನಮ್ಮ ಕರಾವಳಿಗೂ ನೇರ ನಂಟು ಬೆಸೆದವನು ವಿಲಿಯಂ ಕಿಡ್. ಕಡಲ್ಗಳ್ಳರನ್ನೂ ಶತ್ರು ಫ್ರೆಂಚರ ಹಡಗುಗಳನ್ನೂ ಹಿಡಿಯಲೆಂದು ಇಂಗ್ಲೆಂಡಿನ ರಾಜನ ಪರವಾನಗಿ ಪಡೆದು, 34 ಫಿರಂಗಿಗಳ ಅಡ್ವೆಂಚರ್ ಗ್ಯಾಲಿ ಏರಿ ಬಂದವನು. 1697ರ ಸೆಪ್ಟೆಂಬರ್‌ನಲ್ಲಿ ನೀರು, ಸೌದೆ ತುಂಬಿಕೊಳ್ಳಲು ಕಾರವಾರಕ್ಕೆ ಬಂದ. ಅಲ್ಲಿನ ಇಂಗ್ಲಿಷ್ ಕೋಠಿಯವರಿಗೆ ಅವನ ಬಗ್ಗೆ ಆಗಲೇ ಗುಮಾನಿ. ಕಿಡ್‌ನ ನಾವಿಕರಲ್ಲಿ ಕೆಲವರು ಅಲ್ಲೇ ಹಡಗು ಬಿಟ್ಟು, ಇವನ ಕಣ್ಣಿರುವುದು ವ್ಯಾಪಾರಿ ಹಡಗುಗಳ ಮೇಲೆ ಎಂದು ಬಾಯಿಬಿಟ್ಟರು. ಕಾರವಾರದಿಂದ ಹೊರಟ ಮೇಲೆ ಪೋರ್ಚುಗೀಸರ ಎರಡು ಯುದ್ಧನೌಕೆಗಳೊಂದಿಗೂ ಅವನ ಕಾದಾಟವಾಯಿತು.

1698ರ ಜನವರಿ 30ರಂದು, ಮಲಬಾರ್ ತೀರದಾಚೆ, ಬಂಗಾಳದಿಂದ ಸೂರತ್ತಿಗೆ ಹೋಗುತ್ತಿದ್ದ ಕ್ವೆಡಾ ಮರ್ಚೆಂಟ್ ಎದುರಾಯಿತು. ರೇಷ್ಮೆ, ಮಸ್ಲಿನ್, ಸಕ್ಕರೆ, ಅಫೀಮು, ಕಬ್ಬಿಣ, ಪೆಟ್ಲುಪ್ಪು ತುಂಬಿದ್ದ ಹಡಗು. ಅದನ್ನು ಬಾಡಿಗೆಗೆ ಪಡೆದಿದ್ದವರು ಅರ್ಮೇನಿಯನ್ ವ್ಯಾಪಾರಿಗಳು. ಸರಕಿನ ಒಂದು ಪಾಲು ಮೊಘಲ್ ದರ್ಬಾರಿನ ಪ್ರಮುಖನೊಬ್ಬನದು. ಕಿಡ್ ಫ್ರೆಂಚ್ ಬಾವುಟ ಹಾರಿಸಿದ. ನಂಬಿದ ಹಡಗಿನವರು ಫ್ರೆಂಚ್ ರಹದಾರಿ ತೋರಿಸಿದರು. ಶತ್ರು ದೇಶದ ಕಾಗದ ಸಿಕ್ಕಿತು, ಇನ್ನು ಹಡಗು ನನ್ನದೇ ಎಂದ ಕಿಡ್. ಒಂದಿಷ್ಟು ಸರಕನ್ನು ಕೇರಳದ ದಡದಲ್ಲೇ ಮಾರಿ, ಉಳಿದದ್ದರೊಂದಿಗೆ ಅದೇ ಏಪ್ರಿಲ್‌ನಲ್ಲಿ ಸಾಂತ್ ಮಾರಿ ತಲುಪಿದ.

ಅಲ್ಲಿ ಲಂಗರು ಹಾಕಿದ್ದವನು ರಾಬರ್ಟ್ ಕಲಿಫರ್ಡ್, ಕಿಡ್ ಹಿಡಿಯಬೇಕಿದ್ದ ಕಡಲ್ಗಳ್ಳರಲ್ಲೊಬ್ಬ. ಹಿಡಿಯುವ ಮಾತೆಲ್ಲಿ ಬಂತು? ಕಿಡ್‌ನ ತೊಂಬತ್ತಕ್ಕೂ ಹೆಚ್ಚು ಮಂದಿ ತಮ್ಮ ಪಾಲಿನ ಬಟ್ಟೆಗಂಟು ಹೊತ್ತು ಕಲಿಫರ್ಡ್‌ನ ಕಡೆ ಸೇರಿಬಿಟ್ಟರು. ಸೋರಿ ಸೋರಿ ಕೆಟ್ಟಿದ್ದ ಅಡ್ವೆಂಚರ್ ಗ್ಯಾಲಿ ಆ ಕೊಲ್ಲಿಯಲ್ಲೇ ಕೊನೆಗಂಡಿತು. ಕಿಡ್ ಕ್ವೆಡಾ ಮರ್ಚೆಂಟ್‌ನಲ್ಲೇ ಕೆರಿಬಿಯನ್ ಕಡೆಗೆ ಹೋದ. ಕೊನೆಗೆ ಸೆರೆಸಿಕ್ಕ ಅವನನ್ನು 1701ರ ಮೇ 23ರಂದು ಲಂಡನ್ನಿನಲ್ಲಿ ಗಲ್ಲಿಗೇರಿಸಿದರು. ಕ್ವೆಡಾ ಮರ್ಚೆಂಟ್‌ನ ಅವಶೇಷ 2007ರಲ್ಲಿ ಡೊಮಿನಿಕನ್ ಗಣರಾಜ್ಯದ ತೀರದಲ್ಲಿ ಪತ್ತೆಯಾಯಿತು.

ನಮ್ಮ ಕಡೆಯ ಸರಕು ಈ ದ್ವೀಪದಲ್ಲಿ ಉಳಿಯಲಿಲ್ಲ, ಕೈಬದಲಾಯಿತು. ಇಲ್ಲಿ ಆಡಂ ಬಾಲ್ಡ್ರಿಜ್ ಎಂಬುವನ ಗೋದಾಮಿತ್ತು. ನ್ಯೂಯಾರ್ಕಿನ ಸಾಹುಕಾರ ಫ್ರೆಡರಿಕ್ ಫಿಲಿಪ್ಸ್ ಅವನಿಗೆ ಮದ್ಯ, ಮದ್ದುಗುಂಡು, ಅಂಗಿ, ಚಪ್ಪಲಿ ಕಳಿಸುತ್ತಿದ್ದ. ಮರಳುವ ಹಡಗಿನಲ್ಲಿ ಫಿಲಿಪ್ಸ್‌ಗೆ ಬೇಕಿದ್ದದ್ದು ಗುಲಾಮರು. ದ್ವೀಪದವರನ್ನು ನಂಬಿಸಿ ಹಡಗು ಹತ್ತಿಸಿ ಬಾಲ್ಡ್ರಿಜ್ ಮಾರಿಬಿಟ್ಟ ಎಂಬ ದೂರು ಆ ಕಾಲದ ದಾಖಲೆಗಳಲ್ಲಿದೆ. ಕಿಡ್ ಇಲ್ಲಿಗೆ ಬರುವ ಮೊದಲೇ, 1697ರಲ್ಲಿ ಜನ ತಿರುಗಿಬಿದ್ದರು, ಕಡಲ್ಗಳ್ಳರನ್ನು ಕೊಂದು ಬಾಲ್ಡ್ರಿಜ್‌ನ ನೆಲೆಯನ್ನು ಹಾಳುಗೆಡವಿದರು. ಈ ದ್ವೀಪದ ಇತಿಹಾಸದಲ್ಲಿ ಕಿಡ್‌ಗಿಂತ ದೊಡ್ಡ ಜಾಗ ಆ ದಂಗೆಗೆ ಸಲ್ಲಬೇಕು ಎಂಬುದು ನನ್ನ ಅನಿಸಿಕೆ.

ಮುಂದೆ ಇಂಗ್ಲಿಷ್ ಕಡಲ್ಗಳ್ಳನೊಬ್ಬನಿಗೂ ಮಲಗಾಸಿ ತಾಯಿಗೂ ಹುಟ್ಟಿದ ರಾತ್ಸಿಮಿಲಾಹೊ ಪೂರ್ವ ಕರಾವಳಿಯ ಬುಡಕಟ್ಟುಗಳನ್ನು ಒಗ್ಗೂಡಿಸಿ ಬೆಟ್ಸಿಮಿಸರಾಕ ಒಕ್ಕೂಟ ಕಟ್ಟಿದ. ಅವನ ಮಗಳು ಬೆಟಿ 1750ರಲ್ಲಿ ದ್ವೀಪವನ್ನು ಫ್ರೆಂಚರಿಗೆ ಬಿಟ್ಟುಕೊಟ್ಟಳು.

2015ರಲ್ಲಿ ಇಲ್ಲಿನ ನೀರಿನಿಂದ ಸುಮಾರು 50 ಕಿಲೋ ತೂಕದ ಗಟ್ಟಿಯೊಂದನ್ನು ಎತ್ತಿ, ಕಿಡ್‌ನ ಬೆಳ್ಳಿ ಎಂದು ಜಗತ್ತಿಗೆ ಸಾರಲಾಯಿತು. ಯುನೆಸ್ಕೊ ತಜ್ಞರು ಪರೀಕ್ಷಿಸಿದರೆ ಅದು ಶೇ 95ರಷ್ಟು ಸೀಸ!

ಹೋಗುವವರು ರಾಜಧಾನಿ ಅಂಟನನರಿವೊದಿಂದ ವಿಮಾನದಲ್ಲಿ, ಇಲ್ಲವೇ ಸೊವಾನಿಯೆರಾನಾ ಇವೊಂಗೊದಿಂದ ದೋಣಿಯಲ್ಲಿ ಹೋಗಬಹುದು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಮರಿ ಹಾಕಲು ಈ ಕಡಲಿಗೆ ಬರುತ್ತವೆ. ಕಡಲ್ಗಳ್ಳರ ಸ್ಮಶಾನ ನೋಡಲು ಇಳಿತದ ಹೊತ್ತಿಗೆ ನಡೆದು ಹೋಗಬೇಕು. ಎಲ್ಲರೂ ಫೋಟೊ ತೆಗೆಯುವ ತಲೆಬುರುಡೆಯ ಕಲ್ಲು 19ನೇ ಶತಮಾನದ್ದು, ಕಿಡ್‌ನ ಕಾಲದ್ದಲ್ಲ. ಅವನ ಕಾಲದ್ದನ್ನು ನೋಡಬೇಕೆಂದರೆ, ಅಲ್ಲಿಂದ ಕೆಳಗೆ ಕಾಣುವ ಕೊಲ್ಲಿಯತ್ತ ತಿರುಗಬೇಕು.