ಸ್ಟೇಷನ್ನೇ ನಮ್ಮೂರು

ಪುಣೆಯಲ್ಲಿ ಕನ್ನಡದವರು ಸೇರಿದ ಕಡೆಯೆಲ್ಲ ಮೊದಲ ಪ್ರಶ್ನೆ, “ನಿಮ್ಮೂರು ಯಾವುದು?” ನಾನು ಕ್ಯಾಸಲ್‌ರಾಕ್ ಎನ್ನುತ್ತೇನೆ. “ಓ, ದೂಧಸಾಗರದ ಹತ್ತಿರದ ಸ್ಟೇಷನ್ನಾ? ಅದಲ್ಲ, ಊರು ಯಾವುದು?” ಎಂದು ಮತ್ತೆ ಕೇಳುತ್ತಾರೆ.

ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಕಾಡಿನಲ್ಲಿ, ಗೋವೆಯ ಗಡಿಗೆ ಅಂಟಿಕೊಂಡಿದೆ ನಮ್ಮೂರು. 1880ರ ದಶಕದಲ್ಲಿ ಮುರ್ಮುಗೋವಾ ಬಂದರಿನಿಂದ ಘಟ್ಟ ಹತ್ತಿ ಬಂದ ಮೀಟರ್‌ಗೇಜ್ ಹಳಿ ಇಲ್ಲಿ ಬ್ರಿಟಿಷ್ ಇಂಡಿಯಾದ ಹಳಿಯನ್ನು ಕೂಡಿತು. ಆ ಕಡೆ ಕುಳೆಂನಲ್ಲಿ ಪೋರ್ಚುಗೀಸರು, ಈ ಕಡೆ ನಮ್ಮಲ್ಲಿ ಬ್ರಿಟಿಷರು ಪ್ರಯಾಣಿಕರ ಗಂಟುಮೂಟೆ ಬಿಚ್ಚಿಸಿ ನೋಡುತ್ತಿದ್ದರು. 1955ರಲ್ಲಿ ಗಡಿ ದಾಟುವ ರೈಲು ನಿಂತಿತು. 1961ರಲ್ಲಿ ಗೋವಾ ಬಿಡುಗಡೆಯಾಗಿ ಗಡಿಯೇ ಹೋಯಿತು.

ಘಟ್ಟ ಮಾತ್ರ ಎಲ್ಲಿ ಹೋಗುತ್ತದೆ? ಮೂವತ್ತೇಳು ಅಡಿಗೆ ಒಂದು ಅಡಿ ಏರು. ಮುಂದಿನ ಎಂಜಿನ್ ಒಂದರಿಂದ ಆಗದು, ಹಿಂದಿನಿಂದ ಬ್ಯಾಂಕರ್ ಎಂಜಿನ್ ತಳ್ಳಬೇಕು. ರಾತ್ರಿಯೆಲ್ಲ ಅದರದೇ ಸದ್ದು. ಸದ್ದು ನಿಂತರೆ ನಮಗೆ ಎಚ್ಚರವಾಗುತ್ತಿತ್ತು.

ಅಪ್ಪ ಪಾಯಿಂಟ್ಸ್‌ಮನ್. ನಮ್ಮದು ಧಾರವಾಡದ ಕಡೆ, ಎಡಗಡೆ ಕ್ವಾರ್ಟರ್ಸಿನಲ್ಲಿ ತೆಲುಗರು, ಬಲಗಡೆ ಮರಾಠಿಯವರು. ಕುಣಬಿಯರು ಆ ಕಾಡಿನವರೇ, ನಾವೆಲ್ಲ ಬಂದವರು. ಮಳೆಗಾಲದಲ್ಲಿ ಬಟ್ಟೆ ಒಣಗುತ್ತಿರಲಿಲ್ಲ. ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಅಪ್ಪನ ಯೂನಿಫಾರ್ಮು ಹರವುತ್ತಿದ್ದಳು ಅವ್ವ. ಶಾಲೆಯಲ್ಲಿ ನಮ್ಮೆಲ್ಲರ ಅಂಗಿಗೂ ಹೊಗೆಯ ವಾಸನೆ. ತಂಗಿ ಹುಟ್ಟುವ ರಾತ್ರಿ ಅಪ್ಪ ಡ್ಯೂಟಿಯಲ್ಲಿದ್ದರು. ತೆಲುಗು ಅತ್ತೆಯೇ ಅವ್ವನನ್ನು ಕರೆದುಕೊಂಡು ಗೂಡ್ಸಿನ ಗಾರ್ಡ್ ಡಬ್ಬಿಯಲ್ಲಿ ಲೋಂಡಾಕ್ಕೆ ಹೋದರು. ಅದು ನಿಯಮದಲ್ಲಿ ಇರಲಿಲ್ಲ, ಬಿಡಿ.

ನಮ್ಮ ಸಾಲಿನಲ್ಲಿ ಮುದುಕರೇ ಇರಲಿಲ್ಲ. ಯಾಕೆಂದು ತಿಳಿದದ್ದು ಅಪ್ಪ ರಿಟೈರ್ ಆದಾಗ. ಕೆಲವೇ ತಿಂಗಳಲ್ಲಿ ಕ್ವಾರ್ಟರ್ಸ್ ಖಾಲಿ ಮಾಡಬೇಕು. ಅತ್ತೆಯವರು ಅದಕ್ಕೂ ಮೊದಲೇ ಗುಂತಕಲ್ಲಿಗೆ ಹೋಗಿದ್ದರು, ಮರಾಠಿಯವರು ಮಿರಜಿಗೆ. ಮೂವತ್ತು ವರ್ಷ ಒಟ್ಟಿಗಿದ್ದವರು ಹೀಗೆ ಹಳಿಗುಂಟ ಚದುರಿಹೋದೆವು. ಜಾತ್ರೆಗೆಂದು ಹೋಗಲು ಅಲ್ಲಿ ಯಾರ ಮನೆಯೂ ಇಲ್ಲ.

ಅಪ್ಪ ತೀರಿಕೊಂಡ ಮೇಲೆ ಒಮ್ಮೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಹಳೆಯ ಬಾಗಿಲಿನ ಮುಂದೆ ನಿಂತೆವು. ಒಳಗಿನಿಂದ ಹುಡುಗಿಯೊಬ್ಬಳು ಬಂದು, “ಯಾರು ಬೇಕಾಗಿತ್ರೀ?” ಎಂದಳು.

ಅವ್ವ ತುಸು ಹೊತ್ತು ಸುಮ್ಮನಿದ್ದು, “ಯಾರೂ ಬ್ಯಾಡವ್ವಾ. ನೀರಡಿಕಿ ಆಗೈತಿ, ಒಂದು ತಂಬಿಗಿ ನೀರು ಕೊಡ್ತಿಯೇನ?” ಎಂದಳು.