ಆರೋಗ್ಯ ವಿಮೆ: ಕೊಠಡಿ ಬಾಡಿಗೆಯ ಲೆಕ್ಕ

ನಿಮ್ಮ ಮನೆಯಲ್ಲಿ ಆರೋಗ್ಯ ವಿಮೆ ಮಾಡಿಸಿದ್ದಾರೆಯೇ? ಹಾಗಿದ್ದರೆ ಆ ಪಾಲಿಸಿಯನ್ನು ಕಪಾಟಿನಿಂದ ತೆಗೆದು ಒಮ್ಮೆ ಓದಿ. ವಿಮಾ ಮೊತ್ತ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಂಪನಿ ನಿಜವಾಗಿ ಎಷ್ಟು ಕೊಡುತ್ತದೆ ಎಂಬುದನ್ನು ನಿರ್ಧರಿಸುವ ಷರತ್ತುಗಳು ಮಾತ್ರ ಸಾಮಾನ್ಯವಾಗಿ ಒಳಪುಟಗಳ ಇಂಗ್ಲಿಷಿನಲ್ಲಿ ಅಡಗಿರುತ್ತವೆ. ಅದನ್ನು ಓದಬಲ್ಲವರು ಮನೆಯಲ್ಲಿ ನೀವೊಬ್ಬರೇ ಇರಬಹುದು.

ನಮ್ಮ ದೇಶದಲ್ಲಿ ಸರ್ಕಾರಿ ವಿಮಾ ಕಂಪನಿಗಳು ‘ಮೆಡಿಕ್ಲೇಮ್’ ಆರಂಭಿಸಿದ್ದು 1986ರಲ್ಲಿ. 2000ದ ನಂತರ ಖಾಸಗಿ ಕಂಪನಿಗಳೂ ಬಂದವು. ಪಾಲಿಸಿಗಳು ಹೆಚ್ಚಿದಂತೆ ಷರತ್ತುಗಳೂ ಹೆಚ್ಚಿದವು. ಅವುಗಳಲ್ಲಿ ಕೊಠಡಿ ಬಾಡಿಗೆಯ ಮಿತಿಯನ್ನು ಲೆಕ್ಕ ಹಾಕಿಯೇ ತಿಳಿಯಬೇಕು.

ಹುಬ್ಬಳ್ಳಿಯ ಒಂದು ಕುಟುಂಬಕ್ಕೆ 2 ಲಕ್ಷ ರೂಪಾಯಿಯ ಪಾಲಿಸಿ ಇದೆ ಎಂದಿಟ್ಟುಕೊಳ್ಳಿ. ಕೊಠಡಿಗೆ ದಿನಕ್ಕೆ ವಿಮಾ ಮೊತ್ತದ ಶೇ. 1, ಅಂದರೆ 2,000 ರೂಪಾಯಿ ಮಿತಿ. ತಾಯಿಯ ಶಸ್ತ್ರಚಿಕಿತ್ಸೆಗೆ 4,000 ರೂಪಾಯಿಯ ಕೊಠಡಿ ಹಿಡಿದು ಐದು ದಿನ ಇದ್ದರು. ಬಾಡಿಗೆ 20,000, ವೈದ್ಯರ ಮತ್ತು ಆಪರೇಷನ್ ಥಿಯೇಟರಿನ ಶುಲ್ಕ 60,000, ಔಷಧಿ 20,000. ಒಟ್ಟು ಒಂದು ಲಕ್ಷ. ‘ಬಾಡಿಗೆಯಲ್ಲಿ ಹತ್ತು ಸಾವಿರ ನಮ್ಮ ಕೈಯಿಂದ ಹೋದೀತು’ ಎಂದು ತಂದೆ ಎಣಿಸಿದ್ದರು. ಆದರೆ ಇಂಥ ಪಾಲಿಸಿಗಳಲ್ಲಿ, ಕೊಠಡಿಗೆ ತಕ್ಕಂತೆ ಆಸ್ಪತ್ರೆಯ ದರ ಏರುವ ಕಡೆ, ವೈದ್ಯರ ಶುಲ್ಕವೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತದೆ. ಬಾಡಿಗೆಗೆ 10,000, ಶುಲ್ಕಕ್ಕೆ 30,000, ಔಷಧಿಗೆ ಪೂರ್ತಿ 20,000: ಬರುವುದು 60,000 ಮಾತ್ರ. ಉಳಿದ 40,000ವನ್ನು ಡಿಸ್ಚಾರ್ಜ್ ದಿನ ಹೊಂದಿಸಬೇಕು. 2,000ದ ಕೊಠಡಿಯನ್ನೇ ಹಿಡಿದಿದ್ದರೆ ಈ ಕಡಿತವೇ ಇರುತ್ತಿರಲಿಲ್ಲ.

2024ರ ಜನವರಿಯಿಂದ ಪಾಲಿಸಿಯೊಡನೆ ಹೊಸ ನಮೂನೆಯ ಗ್ರಾಹಕ ಮಾಹಿತಿ ಪತ್ರ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಕಡ್ಡಾಯ ಮಾಡಿದೆ. ಯಾವುದಕ್ಕೆ ಹಣ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ, ಮಿತಿ ಎಷ್ಟು, ಎಷ್ಟು ಕಾಲ ಕಾಯಬೇಕು ಎಲ್ಲವೂ ಅದರಲ್ಲಿರಬೇಕು. ಕೇಳಿದರೆ ಅದನ್ನು ಕನ್ನಡದಲ್ಲಿಯೂ ಕೊಡಬೇಕು. ಕೇಳುವವರು ಬೇಕು, ಅಷ್ಟೇ! ಹೊಸ ಪಾಲಿಸಿ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹಿಂತಿರುಗಿಸಬಹುದು.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲೇ ಇದ್ದರೆ ಅರ್ಜಿಯಲ್ಲಿ ಬರೆಯಲೇಬೇಕು. ಅವುಗಳಿಗಾಗಿ ಕಾಯುವ ಅವಧಿ ಈಗ ಮೂರು ವರ್ಷ ಮೀರುವಂತಿಲ್ಲ. ಮುಚ್ಚಿಟ್ಟರೆ ಕ್ಲೇಮು ತಿರಸ್ಕಾರವಾಗಬಹುದು. ಇನ್ನು ಕಂತಿನ ವಿಷಯ: ವೈಯಕ್ತಿಕ ಮತ್ತು ಕುಟುಂಬ ಪಾಲಿಸಿಗಳ ಮೇಲಿದ್ದ ಶೇ. 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ರಸೀದಿಯಲ್ಲಿ ನೋಡಿಕೊಳ್ಳಿ.

ಕ್ಲೇಮಿನ ವಿಷಯದಲ್ಲಿ ತಕರಾರಿದ್ದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ರಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಧಾರವಾಡದಲ್ಲಿಯೇ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಎಲ್ಲಿಗೆ ಹೋದರೂ ಪಾಲಿಸಿ, ಬಿಲ್ಲು, ಕಂಪನಿಯ ಪತ್ರ ಇವುಗಳ ಪ್ರತಿ ಕೈಯಲ್ಲಿರಲಿ.