ಅಕ್ಕನಿಗೆ ಇದೆ, ತಮ್ಮನಿಗಿಲ್ಲ

ಬೈಲಕುಪ್ಪೆಯ ಟಿಬೆಟನ್ ನಿರಾಶ್ರಿತರ ಒಂದು ಮನೆ, ಒಬ್ಬ ತಾಯಿ, ಇಬ್ಬರು ಮಕ್ಕಳು ಎಂದುಕೊಳ್ಳೋಣ. ಅಕ್ಕ ಹುಟ್ಟಿದ್ದು 1986ರ ಮುಂಗಾರಿನಲ್ಲಿ, ತಮ್ಮ 1988ರ ಮುಂಗಾರಿನಲ್ಲಿ. ಇಬ್ಬರೂ ಆಡಿ ಬೆಳೆದದ್ದು ಅದೇ ಮುಸುಕಿನ ಜೋಳದ ಹೊಲದ ಬದುವಿನಲ್ಲಿ. ಕಾನೂನಿನ ಲೆಕ್ಕದಲ್ಲಿ ಮಾತ್ರ ಅಕ್ಕ ಭಾರತದ ಪ್ರಜೆ, ತಮ್ಮ ವಿದೇಶಿ.

1955ರ ಪೌರತ್ವ ಕಾಯ್ದೆ ಎಳೆದ ಗೆರೆ ಇದು. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಈ ನೆಲದಲ್ಲಿ ಹುಟ್ಟಿದವರು, ಹೆತ್ತವರು ಯಾರೇ ಇರಲಿ, ಹುಟ್ಟಿನಿಂದಲೇ ಪ್ರಜೆಗಳು. ಆಮೇಲೆ ಹುಟ್ಟಿದವರಿಗೆ ತಾಯಿ ಅಥವಾ ತಂದೆ ಪ್ರಜೆಯಾಗಿರಬೇಕು. 2004ರ ಡಿಸೆಂಬರ್‌ನಿಂದ ಈ ನಿಯಮ ಇನ್ನಷ್ಟು ಬಿಗಿಯಾಯಿತು. ಟಿಬೆಟನ್ನರ ವಿಷಯದಲ್ಲೂ ಈ ಕಾಯ್ದೆ ಹಾಗೆಯೇ ಅನ್ವಯಿಸುತ್ತದೆ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಮರುವರ್ಷ ಚುನಾವಣಾ ಆಯೋಗ ಆ ಗೆರೆಗೆ ಮೊದಲು ಇಲ್ಲಿ ಹುಟ್ಟಿದ ಟಿಬೆಟನ್ನರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಆದರೆ 2017ರಲ್ಲಿ ಪಾಸ್‌ಪೋರ್ಟ್ ಕೇಳಿದವರಿಗೆ, ನಿರಾಶ್ರಿತರಾಗಿ ಪಡೆದ ವಿದೇಶಿಯರ ನೋಂದಣಿ ಪತ್ರವನ್ನು ಮರಳಿಸಬೇಕು, ವಸತಿ ಪ್ರದೇಶ ಬಿಡಬೇಕು ಎಂಬ ಷರತ್ತು ಎದುರಾಯಿತು. ಪ್ರಜೆಯಾಗಬೇಕಾದರೆ ಹುಟ್ಟಿದ ಮನೆ ಬಿಡು ಎಂದರೆ ಒಬ್ಬ ತಾಯಿ ಏನು ಮಾಡಬೇಕು? ಎಷ್ಟೋ ಮಂದಿ ಅರ್ಜಿಯನ್ನೇ ಹಾಕಲಿಲ್ಲ. ನಿರಾಶ್ರಿತರ ಪತ್ರ ಕೈಬಿಟ್ಟರೆ ಟಿಬೆಟ್‌ನ ನಂಟೇ ಕಡಿದಂತೆ ಎಂಬ ಸಂಕಟವೂ ಕೆಲವರದು.

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ 1960ರ ದಶಕದ ಆರಂಭದಲ್ಲಿ ಕಾಡು ಕಡಿದು ನೆಲೆಯಾದ ಟಿಬೆಟನ್ನರ ಮರಿಮಕ್ಕಳು ಈಗ ಅಂಗನವಾಡಿ ವಯಸ್ಸಿನವರು. 1969ರಲ್ಲಿ ಬೈಲಕುಪ್ಪೆಯಲ್ಲೇ ಎರಡನೆಯ ವಸತಿ ಎದ್ದಿತು. 1970ರ ದಶಕದ ಮೊದಲಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತೊಂದು. ಕಾನೂನಿನ ಗೆರೆ ಈ ವಸತಿಗಳ ಮಕ್ಕಳವರೆಗೂ ಇಳಿದು ಬಂದಿದೆ: ಆ ಅಕ್ಕ ತನ್ನಂತೆ 1987ಕ್ಕೆ ಮೊದಲು ಹುಟ್ಟಿದವನನ್ನೇ ಮದುವೆಯಾಗಿದ್ದರೆ ಅವಳ ಮಗಳು ಪ್ರಜೆ. ತಮ್ಮ, ತಮ್ಮನ ಹೆಂಡತಿ ಇಬ್ಬರೂ ನೋಂದಣಿ ಪತ್ರದವರಾದರೆ ಅವರ ಮಗಳು ವಿದೇಶಿ. ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಬೆಳೆಯುವ ಸೋದರತ್ತೆ-ಸೋದರಮಾವನ ಮಕ್ಕಳಿವರು.

ಮಗುವಿನ ಪಾಲನ್ನು ಹೆತ್ತವರ ಕಾಗದಕ್ಕೆ ಗಂಟು ಹಾಕುವ ಪದ್ಧತಿ ನಮ್ಮೂರಿನದಷ್ಟೇ ಅಲ್ಲ. ಅಮೆರಿಕದಲ್ಲಿ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಎಂಬುದಿದೆ: ಮಕ್ಕಳಿರುವ ಮನೆಯ ಆದಾಯ ತೆರಿಗೆಯಲ್ಲಿ ಮಗುವೊಂದಕ್ಕೆ ಇಷ್ಟೆಂದು ಬಿಟ್ಟುಕೊಡುವ ಹಣ. 2025ರ ತೆರಿಗೆಗೆ ಅದು 2,200 ಡಾಲರ್‌ವರೆಗೆ. ಹುಣಸೂರು, ಕೆ.ಆರ್. ನಗರಗಳಿಂದ ಎಚ್-1ಬಿ ಉದ್ಯೋಗ ವೀಸಾ ಹಿಡಿದು ಹೋಗುವ ಮನೆಗಳೇ ಇದನ್ನು ಕಂಡಾವು. ಮೈಸೂರಿನಲ್ಲಿ ಹುಟ್ಟಿ ಅವಲಂಬಿತರ ಎಚ್-4 ವೀಸಾದಲ್ಲಿ ಹೋದ ಹಿರಿಯ ಮಗಳಿಗೆ ಉದ್ಯೋಗಕ್ಕೆ ಸಲ್ಲುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಸಿಗುವುದಿಲ್ಲ. 2018ರಿಂದ ಆ ಸಂಖ್ಯೆಯಿಲ್ಲದ ಮಗುವಿಗೆ ಈ ಕ್ರೆಡಿಟ್ ಇಲ್ಲ. ಬೇರೆ ಅವಲಂಬಿತರ ಲೆಕ್ಕದಲ್ಲಿ ಹೆಚ್ಚೆಂದರೆ 500 ಡಾಲರ್. ಅಲ್ಲೇ ಹುಟ್ಟಿದ ತಮ್ಮನಿಗೆ ಪೂರ್ತಿ. 2025ರ ಕಾನೂನು ತಂದೆತಾಯಿಯಲ್ಲಿ ಒಬ್ಬರಿಗಾದರೂ ಆ ಸಂಖ್ಯೆ ಇರಲೇಬೇಕು ಎಂದಿತು. ಆ ದೇಶದ ಪ್ರಜೆಯಾಗಿ ಹುಟ್ಟಿದ ಮಕ್ಕಳೂ ಅಪ್ಪ ಅಮ್ಮನ ಕಾಗದ ಸರಿಯಿಲ್ಲವೆಂದು ಹೊರಗುಳಿದರು.

ನಮ್ಮಲ್ಲಿ ಬಾಗಿಲು ತೆರೆದಿಟ್ಟ ಕಾನೂನುಗಳೂ ಇವೆ. ಸಂವಿಧಾನದ 21-ಎ ವಿಧಿ, 2009ರ ಶಿಕ್ಷಣ ಹಕ್ಕು ಕಾಯ್ದೆ ಎರಡೂ ಆರರಿಂದ ಹದಿನಾಲ್ಕು ವರ್ಷದ ‘ಮಗು’ ಎನ್ನುತ್ತವೆ. ಪ್ರಜೆ ಎಂಬ ಪದವನ್ನು ತರುವುದಿಲ್ಲ. ಜನನ ನೋಂದಣಿಗೂ ತಂದೆತಾಯಿಯ ಪೌರತ್ವ ಅಡ್ಡಿಯಲ್ಲ. 21 ದಿನದೊಳಗೆ ತಿಳಿಸಿದರೆ ಶುಲ್ಕವೂ ಇಲ್ಲ. ಆಧಾರ್‌ಗೆ ಬೇಕಿರುವುದು ವಾಸ. ಕೇಂದ್ರದ 2014ರ ಟಿಬೆಟನ್ ಪುನರ್ವಸತಿ ನೀತಿ ಪಡಿತರ, ಉದ್ಯೋಗ ಖಾತರಿಯಂಥ ಯೋಜನೆಗಳನ್ನು ಇವರಿಗೂ ವಿಸ್ತರಿಸಬಹುದೆಂದು ರಾಜ್ಯಗಳಿಗೆ ಹೇಳಿದೆ. ಈ ‘ಬಹುದು’ ಎಂಬಲ್ಲೇ ನನ್ನ ಮನಸ್ಸು ನಿಂತುಬಿಡುತ್ತದೆ. ಹೆಣ್ಣುಮಗುವಿಗೆಂದು ರಾಜ್ಯ ತಂದ ಭಾಗ್ಯಲಕ್ಷ್ಮಿಯಂಥ ಯೋಜನೆ ಬಿಪಿಎಲ್ ಕಾರ್ಡ್ ಹಿಡಿದು ನಡೆಯುತ್ತದೆ. ಕಾರ್ಡ್ ಮನೆಯವರದು, ಹಸಿವು ಮಗುವಿನದು.

ಪೌರತ್ವದ ಪ್ರಶ್ನೆಯೇ ಇಲ್ಲದವರ ಪಾಡನ್ನೂ ನೋಡಿ. ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳಿಂದ ಜೇನು ಕುರುಬ, ಯರವ ಕುಟುಂಬಗಳು ಕಾಫಿ ಕೊಯ್ಲಿಗೆ ಕೊಡಗಿನ ತೋಟಗಳಿಗೆ ಹೋಗುತ್ತವೆ. ತಲೆತಲಾಂತರದಿಂದ ಈ ಸೀಮೆಯ ಕಾಡಿನವರು ಅವರು. ಬಾಣಂತಿ ತೋಟದ ಲೈನ್‌ಮನೆಯಲ್ಲಿ, ಅವಳ ಆರೋಗ್ಯದ ದಾಖಲೆಯಾದ ತಾಯಿ ಕಾರ್ಡ್ ಹಾಡಿಯಲ್ಲಿ. ಮಾತೃವಂದನಾ ಯೋಜನೆಯಲ್ಲಿ ಚೊಚ್ಚಲ ಹೆರಿಗೆಗೆ 5,000 ರೂಪಾಯಿ. ಅದರ ಕೊನೆಯ ಕಂತು ಜನನ ನೋಂದಣಿಯಾಗಿ, ಮಗುವಿನ ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ. ತೋಟದಲ್ಲಿ ಹಾಕಿಸಿದ ಲಸಿಕೆ ಊರಿನ ಪುಸ್ತಕಕ್ಕೆ ಏರದಿದ್ದರೆ ಆ ಹಣಕ್ಕಾಗಿ ಎರಡು ಜಿಲ್ಲೆಯ ನಡುವೆ ಅಲೆಯಬೇಕಾದವಳು ಹಸಿ ಬಾಣಂತಿ. ಕೂಲಿ ಬಿಟ್ಟು ಅವಳು ಬಂದಾಳೆ? ಊರು ಬಿಟ್ಟು ಹೋದ ತಾಯಿಯ ಹಿಂದೆ ಅವಳ ದಾಖಲೆಯೇ ಹೋಗಬೇಕು. ಒಂದೂರಿನ ಕಾರ್ಡಿಗೆ ಇನ್ನೊಂದೂರಿನಲ್ಲಿ ಪಡಿತರ ಸಿಗುವುದಾದರೆ ಲಸಿಕೆಯ ಲೆಕ್ಕವೂ ಹೋಗಬೇಕು.

ಬೈಲಕುಪ್ಪೆಯ ಆ ಇಬ್ಬರು ಹುಡುಗಿಯರು ಒಂದೇ ಶಾಲೆಯಲ್ಲಿ ಹತ್ತನೆಯ ತರಗತಿಗೆ ಬರುತ್ತಾರೆ. ಹದಿನಾರು ತುಂಬಿದಾಗ ಅಕ್ಕನ ಮಗಳು ಮುಂದಿನ ಕಾಲೇಜಿನ ಅರ್ಜಿ ತುಂಬುತ್ತಾಳೆ. ತಮ್ಮನ ಮಗಳು ಅದನ್ನೂ ತುಂಬಿ, ಜೊತೆಗೆ ವಿದೇಶಿಯರ ನೋಂದಣಿ ಪತ್ರಕ್ಕೂ ತನ್ನ ಹೆಸರಿನಲ್ಲಿ ಮೊದಲ ಸಲ ಸಹಿ ಹಾಕುತ್ತಾಳೆ. ಹುಟ್ಟಿದ ಸ್ಥಳ ಎಂಬಲ್ಲಿ ಅವಳು ಬರೆಯುವುದೂ ಮೈಸೂರು ಜಿಲ್ಲೆ ಎಂದೇ.